ಮಗುಚಿದ ಚಪ್ಪಲಿ ಮತ್ತು ಮಾವನ ಮರ್ಯಾದೆ

ಈ ಭಾನುವಾರ ಬೆಳಿಗ್ಗೆ ಮೂಡಲಪಾಳ್ಯದ ಮಾವನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಒಂದು ಮಗುಚಿ ಬಿತ್ತು. ಸರಿಮಾಡಲು ಬಗ್ಗಿದವನು ಹಾಗೇ ನಿಂತುಬಿಟ್ಟೆ. ಚಪ್ಪಲಿಯನ್ನು ದಿಟ್ಟಿಸುತ್ತ ನಿಂತ ಗಂಡಸನ್ನು ಎದುರುಮನೆಯವರು ಏನೆಂದುಕೊಂಡರೋ. ನೀವು ಹಾಗೆ ಅಂದುಕೊಳ್ಳಬೇಡಿ, ಹೇಳುತ್ತೇನೆ, ಕೇಳಿ.

ಚಪ್ಪಲಿ ಮಗುಚಿ ಬಿದ್ದಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಎಂಬ ನಂಬಿಕೆ ನಿಮ್ಮಲ್ಲೂ ಇರಬಹುದು. ನನ್ನ ಹೆಂಡತಿಯ ಅಪ್ಪನಿಗೆ, ಅಂದರೆ ಮಾವನಿಗೆ, ಅದು ನಂಬಿಕೆಯಲ್ಲ, ಉದ್ಯೋಗ. ಮದುವೆ ಛತ್ರವಿರಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿರಲಿ, ಮಗುಚಿದ್ದು ಕಂಡರೆ ಕಾಲಿನ ಹೆಬ್ಬೆರಳಿನಿಂದ ಸರಿಮಾಡಿಯೇ ಒಳಗೆ ಹೋಗುವರು. ಹೀಗೆ ಊರಿನವರ ಜಗಳವನ್ನೆಲ್ಲ ತಪ್ಪಿಸಿ ಬಂದು, ತಮ್ಮ ಮನೆಯಲ್ಲಿ ತಾವೇ ಶುರುಮಾಡುವರು. ಕಾಫಿ ತಣ್ಣಗಿದೆ. ಬಾಡಿಗೆಯವರ ಗಾಡಿ ಗೇಟಿಗೆ ಅಡ್ಡ ಇದೆ. ಆ ಫ್ಯಾನು ಯಾರಿಗೋಸ್ಕರ ತಿರುಗುತ್ತಿದೆ? ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ನಿಂತಿದೆ. ಉಳಿದ ಹೊಲವನ್ನೇನೋ ಸೈಟು ಮಾಡಿ ಮಾರಿದರು, ಎತ್ತುಗಳನ್ನು ಗದರುತ್ತಿದ್ದ ಗಂಟಲನ್ನು ಮಾತ್ರ ಮಾರಲಿಲ್ಲ.

ಬೈಗುಳದಲ್ಲಿ ದೊಡ್ಡ ಪಾಲು ನನ್ನದೇ. ನಾನು ತುರುವೇಕೆರೆ ಕಡೆಯವನು. ಮೀಸೆ ನರೆಯತೊಡಗಿದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿಎ ಮಾಡಿದವನು. ಪಾಸಾದ ದಿನ ಸಿಹಿ ಹಿಡಿದು ಹೋದರೆ ಮಾವ ಮೈಸೂರುಪಾಕು ಬಾಯಿಗಿಟ್ಟುಕೊಂಡು ಕೇಳಿದ್ದರು: "ಏನಯ್ಯಾ, ಓದಿದ್ದು ನೀನೋ, ಪೋಸ್ಟ್‌ಮ್ಯಾನೋ?"

ಕೆಲವು ವರ್ಷಗಳ ಹಿಂದಿನ ಮಾತು. ನೀರಿನ ಮೋಟರ್ ಸ್ವಿಚ್ ಹಾಕಲು ಮೆಟ್ಟಿಲ ಕೆಳಗೆ ಬಗ್ಗಿದ್ದ ಮಾವ ಏಳುವಾಗ ತಲೆ ಕಾಂಕ್ರೀಟಿಗೆ ಬಡಿಯಿತು. ರಕ್ತ ಬರಲಿಲ್ಲ. ಅರಿಶಿಣ ಮೆತ್ತಿಕೊಂಡು, ಮನೆ ಕಟ್ಟಿದ ಮೇಸ್ತ್ರಿಯ ವಂಶವನ್ನೆಲ್ಲ ಬೈದು ಸುಮ್ಮನಾದರು. ಕೆಲವು ವಾರಗಳ ನಂತರ ನಿಜವಾಗಿಯೂ ಸುಮ್ಮನಾದರು.

ತಣ್ಣನೆ ಕಾಫಿ ಕುಡಿದರು. ಬಾಡಿಗೆಯವರನ್ನು ಕಂಡು ನಕ್ಕರು. ತಟ್ಟೆಯ ಮುಂದೆಯೇ ತೂಕಡಿಸಿದರು. ಒಂದು ಭಾನುವಾರ ನನ್ನನ್ನು ನೋಡಿ, "ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ. ನೀವು ಓದಿದೋರು, ಪೇಪರಲ್ಲಿ ಏನಿದೆ ಸ್ವಲ್ಪ ಹೇಳಿ" ಎಂದರು.

ನನಗಾದ ಸುಖವನ್ನು ಹೇಗೆ ಹೇಳಲಿ! ಅಂತೂ ಬಿಎಗೆ ಬೆಲೆ ಬಂತೆಂದು ಸುದ್ದಿಯ ಜೊತೆಗೆ ಜಾಹೀರಾತುಗಳನ್ನೂ ಓದಿ ಹೇಳಿದೆ. ಅತ್ತೆ ಇದು ತಮ್ಮ ಸೋಮವಾರದ ಒಪ್ಪತ್ತಿನ ಫಲ ಎಂದರು. ಬಾಮೈದ ಲೋಕೇಶ ತಾನು ಶುರುಮಾಡಿಸಿದ ನವಣೆ ಅನ್ನದ ಮಹಿಮೆ ಎಂದ. ಒಬ್ಬ ಮನುಷ್ಯ ಒಳ್ಳೆಯವನಾದದ್ದಕ್ಕೆ ಮೂವರು ವಾರಸುದಾರರು. ಮನೆಯಲ್ಲಿ ನೆಲೆಸಿದ ಶಾಂತಿಗಾಗಿ ಸತ್ಯನಾರಾಯಣ ಪೂಜೆಯೂ ನಿಶ್ಚಯವಾಯಿತು.

ಪೂಜೆಯ ದಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಬಾಳೆಲೆ ತರಲು ಹೋಗಿದ್ದ ಮಾವ ಗೇಟು ದಾಟಿ ಬಂದರು. ಎಡಗಾಲಿನ ಚಪ್ಪಲಿ ಗೇಟಿನ ಬಳಿಯೇ ಕಳಚಿ ಮಗುಚಿ ಬಿದ್ದಿತ್ತು. ಅದು ಕಳಚಿದ್ದು ಅವರಿಗೆ ಗೊತ್ತೇ ಇಲ್ಲ. ಆ ಕಾಲನ್ನು ಎಳೆಯುತ್ತ, ರಾಶಿಯ ಕಡೆ ಕಣ್ಣೂ ಹಾಯಿಸದೆ ಒಳಗೆ ಬಂದರು. ನನ್ನ ಹೆಂಡತಿ ಸುಜಾತ ಪಂಚಾಮೃತದ ಪಾತ್ರೆ ಕೆಳಗಿಟ್ಟಳು.

"ರೀ, ಅಪ್ಪ ಚಪ್ಪಲಿ ತಿರುಗಿಸ್ಲಿಲ್ಲ ಕಣ್ರೀ. ಅದೂ ತಮ್ಮ ಚಪ್ಪಲೀನೇ!"

"ಒಳ್ಳೇದಾಯ್ತಲ್ಲ, ಮೂಢನಂಬಿಕೆ ಬಿಟ್ರು" ಎಂದೆ. ಓದಿದವನಲ್ಲವೇ.

"ನಿಮ್ಮ ಬಿಎಗಿಷ್ಟು ಬೆಂಕಿ ಹಾಕ. ಆಟೋ ಕರೀರಿ ಮೊದ್ಲು!"

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಯಾವಾಗಿಂದ ಹೀಗಿದಾರೆ?" ಎಂದು ಕೇಳಿದರು.

"ಹೀಗೆ ಅಂದ್ರೆ... ಒಳ್ಳೇವರಾಗಾ?" ಎಂದರು ಅತ್ತೆ.

ಡಾಕ್ಟರು ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದರು. ಅಂದಿನ ಏಟಿನಿಂದ ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ನಿಧಾನವಾಗಿ ಸೇರುತ್ತ ಮೆದುಳನ್ನು ಒತ್ತುತ್ತಿತ್ತಂತೆ. ಇನ್ನಷ್ಟು ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತಂತೆ. ದೇವರ ಫಲ, ನವಣೆಯ ಮಹಿಮೆ, ನನ್ನ ಪದವಿಯ ಬೆಲೆ, ಎಲ್ಲವೂ ಆ ಚಿತ್ರದಲ್ಲಿ ಬೂದುಬಣ್ಣದ ಒಂದು ಪಟ್ಟೆಯಾಗಿ ಕಾಣುತ್ತಿದ್ದವು.

ಬುರುಡೆಗೆ ಸಣ್ಣ ತೂತು ಮಾಡಿ ರಕ್ತ ಬಸಿದರು. ಮನೆಗೆ ಬಂದ ಮಾವ ಮೊದಲು ಫ್ಯಾನು ಆರಿಸಿದರು. ನಮಗೆ ಜೀವ ಬಂತು. ಆದರೆ ತಿಂಗಳು ತುಂಬುವುದರೊಳಗೆ ಮತ್ತೆ "ಬನ್ನಿ ಅಳಿಯಂದಿರೇ" ಎಂದರು. ಈ ಸಲ ನಾನು ಕೂರಲೂ ಇಲ್ಲ, ಆಟೋಗೆ ಓಡಿದೆ.

"ಮತ್ತೆ ಸೇರ್ಕೊಂಡಿದೆ" ಎಂದರು ಡಾಕ್ಟರು. "ಸಂಪಿನೊಳಗೆ ನೀರು ಬರ್ತಾನೇ ಇದ್ರೆ ಬರೀ ಮೊಗೆದು ಹಾಕಿದ್ರೆ ಆಗುತ್ತಾಮ್ಮ? ವಾಲ್ವ್ ಬಂದ್ ಮಾಡ್ಬೇಕು. ಇರೋದನ್ನ ಅದೇ ತೂತಲ್ಲಿ ಬಸೀತೀವಿ. ಆಮೇಲೆ ಮಣಿಕಟ್ಟಿಂದ ದಾರದಂಥ ಟ್ಯೂಬ್ ಹಾಕಿ, ಮೆದುಳಿನ ಹೊದಿಕೆಗೆ ಹೋಗೋ ಒಂದು ರಕ್ತನಾಳ ಮುಚ್ಚಿಬಿಡ್ತೀವಿ. ಅಲ್ಲಿಂದಾನೇ ಜಿನುಗ್ತಾ ಇರೋದು. ಮೆದುಳಿಗೆ ಹೋಗೋ ರಕ್ತಾನ ಮುಟ್ಟೋದಿಲ್ಲ."

ಇಷ್ಟು ಸರಳವಾಗಿ ಹೇಳಿದರೆ ನಮ್ಮವರಿಗೆ ಅನುಮಾನ. ಲೋಕೇಶ, "ತಲೇಲಿ ಪ್ರಾಬ್ಲಮ್ಮು, ಕೈಯಲ್ಲಿ ತೂತಂತೆ ಭಾವ" ಎಂದು ಮೊಬೈಲಿನಲ್ಲಿ ಕಷಾಯ ಹುಡುಕತೊಡಗಿದ. ಕೆಂಗೇರಿಯಿಂದ ಎಳನೀರು ಹಿಡಿದು ಬಂದಿದ್ದ ಮಾವನ ತಂಗಿ ಆಸ್ಪತ್ರೆಯ ಬೆಂಚಿನ ಮೇಲೇ ನ್ಯಾಯ ಮಾಡಲು ಕೂತರು.

"ಅಲ್ಲಾ, ಲೋಕದೋರೆಲ್ಲ ರಕ್ತನಾಳ ಬ್ಲಾಕ್ ಆಯ್ತು ಅಂತ ಆಸ್ಪತ್ರೆಗೆ ಬರ್ತಾರೆ. ನೀವು ಆಸ್ಪತ್ರೆಗೆ ಬಂದು ಬ್ಲಾಕ್ ಮಾಡಿಸ್ತೀರಾ? ಹಿಂಗೇ ಇರ್ಲಿ ಬಿಡಿ ಅತ್ತಿಗೆ. ಎಷ್ಟು ಸಾಧು ಆಗಿದಾನೆ ನಮ್ಮಣ್ಣ! ಈಗ ಒಳಗೆ ನನ್ನ ಕೈ ಹಿಡ್ಕೊಂಡು 'ಊಟ ಆಯ್ತಾ ತಾಯಿ' ಅಂದ."

"ನಂಗೂ ತಾಯಿ ಅಂದ್ರು ಕಣೇ" ಎಂದರು ಅತ್ತೆ. "ಬೆಳಗ್ಗೆಯಿಂದ ಅದನ್ನೇ ಕೇಳ್ತಿದಾರೆ. ನಾನ್ಯಾರು ಅಂತ ಗೊತ್ತಾಗ್ತಿಲ್ಲ ಅವರಿಗೆ."

ಲೋಕೇಶ ಮೊಬೈಲು ಜೇಬಿಗಿಟ್ಟ. ಅತ್ತೆ ತಾವೇ ಎದ್ದು ಹೋಗಿ ಡಾಕ್ಟರಿಗೆ ಒಪ್ಪಿಗೆ ಹೇಳಿ ಬಂದರು.

ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ಮಾವ ಮನೆಗೆ ಬಂದರು. ಅಂದಿನಿಂದ ಮನೆಮಂದಿಯೆಲ್ಲ ಒಂದು ಬೈಗುಳಕ್ಕಾಗಿ ಕಾದೆವು. ಗಂಡ ಬೈಯದಿರಲೆಂದು ಒಪ್ಪತ್ತು ಹಿಡಿದಿದ್ದ ಅತ್ತೆ, ಬೈಯಲೆಂದು ಅದೇ ಸೋಮವಾರ ಅದೇ ದೇವರಿಗೆ ಮತ್ತೆ ಒಪ್ಪತ್ತು ಹಿಡಿದರು, ದೇವರೂ ತಬ್ಬಿಬ್ಬಾಗಿರಬೇಕು. ಲೋಕೇಶ ಬೇಕೆಂದೇ ತಣ್ಣನೆ ಕಾಫಿ ಕೊಟ್ಟ, ಕುಡಿದುಬಿಟ್ಟರು. ನಾನು ಭಾನುವಾರ ಬಂದಾಗಲೆಲ್ಲ ಒಂದು ಚಪ್ಪಲಿ ಮಗುಚಿಟ್ಟು ಒಳಗೆ ಹೋಗುತ್ತಿದ್ದೆ. ಮೊದಮೊದಲು ಅದು ಹಾಗೇ ಬಿದ್ದಿರುತ್ತಿತ್ತು. ಒಂದು ವಾರ ಹೋಗುವಾಗ ನೋಡಿದರೆ ಸರಿಯಾಗಿತ್ತು. ಮತ್ತೊಂದು ವಾರ, "ಯಾವನಯ್ಯಾ ಅವ್ನು, ಚಪ್ಪಲಿ ಹಿಂಗೆ ಬಿಟ್ಟೋನು?" ಎಂದು ಬಾಗಿಲಿಂದ ಮಾವನ ದನಿ ಕೇಳಿಸಿತು. ಅತ್ತೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲಿನ ಸ್ಕ್ಯಾನಿನಲ್ಲಿ ಆ ಪಟ್ಟೆಯೂ ಕರಗಿಹೋಗಿತ್ತು. ನಾನು ಚಪ್ಪಲಿ ನೆಟ್ಟಗೆ ಬಿಡತೊಡಗಿದೆ.

ಆದರೆ ನೆನ್ನೆ ಮಾವ ಫೋನಿನಲ್ಲಿ ನನ್ನನ್ನು ಒಂದು ಮಾತೂ ಬೈಯದೆ ಮಾತು ಮುಗಿಸಿದರು. ಈಗ ಗೊತ್ತಾಯಿತಲ್ಲ, ಚಪ್ಪಲಿಯ ಮುಂದೆ ನಾನೇಕೆ ನಿಂತೆನೆಂದು? ಮುಟ್ಟದೆ ಒಳಗೆ ಹೋಗಿ, ಫ್ಯಾನು ಹಾಕಿ ಕೂತೆ. ಮೋಟರ್ ಆರಿಸಿ ಬರುತ್ತಿದ್ದ ಮಾವನ ಹೆಜ್ಜೆ ಬಾಗಿಲಲ್ಲಿ ನಿಂತಿತು. ಅಡುಗೆಮನೆಯಲ್ಲಿ ಅತ್ತೆಯ ಸೌಟೂ ನಿಂತಿತ್ತು.

ಟಪ್ ಎಂದು ಚಪ್ಪಲಿ ನೆಟ್ಟಗಾದ ಸದ್ದು.

"ಏನಯ್ಯಾ ಬಿಎ, ಮತ್ತೆ ನಂಗೆ ಪರೀಕ್ಷೆ ಇಡ್ತಿದೀಯಾ? ನಾನೇನು ನಿನ್ನಂಗೆ ಪೋಸ್ಟಲ್ಲಿ ಪಾಸಾಗೋನಾ? ಆ ಫ್ಯಾನು ಯಾವನಿಗೋಸ್ಕರ ತಿರುಗ್ತಾ ಇದೆ?"

ನಾನು ಏಳಲಿಲ್ಲ. ಇನ್ನೊಂದು ಸಲ ಕೇಳಲಿ ಎಂದು ಕೂತೇ ಇದ್ದೆ.