ಕ್ಯಾಸೆಟ್ ತಿರುವಿ ಹಾಕುವ ಹೊತ್ತು

ಕೆಟ್ಟ ಸುದ್ದಿಯನ್ನು ನಾನು ನಿಂತುಕೊಂಡೇ ಕೇಳಬಲ್ಲೆ. ಅದಕ್ಕೆ ನನ್ನ ತಯಾರಿ ವರ್ಷಪೂರ್ತಿ ನಡೆದಿರುತ್ತದೆ. ಕೈಕಾಲು ಸಡಿಲಾಗುವುದು ಒಳ್ಳೆಯ ಸುದ್ದಿ ಬಂದಾಗ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಜೇವರ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿಯುತ್ತ ಮೊಬೈಲು ನೋಡುತ್ತಿದ್ದೆ. ನಾನು ಹರೆಯದಿಂದ ಕೇಳಿಕೊಂಡು ಬಂದ ಹಳೆಯ ಇಂಗ್ಲಿಷ್ ರಾಕ್ ತಂಡವೊಂದರ ಹಾಡುಗಳು ಕಡೆಗೂ ಡೌನ್‌ಲೋಡ್ ಅಂಗಡಿಗಳಿಗೆ ಬಂದಿವೆ ಎಂದು ಬರೆದಿತ್ತು. ಖುಷಿಗಿಂತ ಮೊದಲು ಎದೆ ಧಸಕ್ಕೆಂದಿತು.

ಆ ತಂಡದವರು ಹಟಮಾರಿಗಳು. ಅವರ ಕಾಲದ ಉಳಿದವರೆಲ್ಲ ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಬಿಡಿಬಿಡಿಯಾಗಿ ಮಾರಲು ಒಪ್ಪಿ ಎಷ್ಟೋ ದಿನವಾದ ಮೇಲೂ ಇವರು ಒಪ್ಪಿರಲಿಲ್ಲ. ಒಂದು ಆಲ್ಬಮ್ ಅಂದರೆ ಒಂದು ಪೂರ್ತಿ ಊಟ, ಅದರಲ್ಲಿ ಬರೀ ಉಪ್ಪಿನಕಾಯಿ ಎತ್ತಿ ಕೊಡಲಾಗದು ಎಂಬಂಥ ವಾದ. ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಕೊಡುವ ಸಾವಿರ ಹಾಡುಗಳಲ್ಲೂ ಇವು ಸಿಗುತ್ತಿರಲಿಲ್ಲ. ನಮ್ಮ ತಾಲೂಕುಗಳಲ್ಲಿ ಇವನ್ನು ಕೇಳುವವರು ಇಬ್ಬರೇ ಇದ್ದರೆಂದು ನನ್ನ ಅಂದಾಜು. ಒಬ್ಬ ನಾನು. ಇನ್ನೊಬ್ಬ ಅಫಜಲಪುರದಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿರುವ ನನ್ನ ದೋಸ್ತ. ಕ್ಯಾಸೆಟ್ ಅವನದು. ಅದನ್ನು ಕೇಳಲು ನಾನು ಪ್ರತಿ ತಿಂಗಳ ಎರಡನೇ ಶನಿವಾರ, ಕಾಲೇಜಿಗೆ ರಜೆಯಿರುವ ದಿನ, ಜೇವರ್ಗಿಯಿಂದ ಅಫಜಲಪುರಕ್ಕೆ ಹೋಗುತ್ತಿದ್ದೆ. ಹಾಡು ಜೇಬಿನಲ್ಲೇ ಸಿಗುವುದಾದರೆ ಬಸ್ಸು ಹತ್ತಲು ಏನು ನೆಪ? ಎದೆ ಧಸಕ್ಕೆಂದದ್ದು ಅದಕ್ಕೆ.

ಕ್ಯಾಸೆಟ್ಟಿನ ಕತೆ ಶುರುವಾದದ್ದು ಆಳಂದದಲ್ಲಿ. ನನ್ನ ಮೊದಲ ನೌಕರಿ ಅಲ್ಲಿಯ ಪದವಿಪೂರ್ವ ಕಾಲೇಜಿನಲ್ಲಿ. ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಯ ಕೆಳಗೆ ಅವನ ಚಾಚಾನ ಚಪ್ಪಲಿ ಅಂಗಡಿ, ಗಲ್ಲೆಯ ಮೇಲೆ ಕೂರುತ್ತಿದ್ದವನು ಇವನು, ನನ್ನದೇ ವಯಸ್ಸು. ಮಾಲು ತರಲು ಸೊಲ್ಲಾಪುರಕ್ಕೆ ಹೋದವನು ಒಮ್ಮೆ ಚಪ್ಪಲಿ ಡಬ್ಬಿಗಳ ನಡುವೆ ಈ ಕ್ಯಾಸೆಟ್ಟನ್ನೂ ತಂದ. ಕೇಳಿದ ಖವ್ವಾಲಿ ಖಲಾಸ್ ಆಗಿದೆ ಎಂದು ಅಲ್ಲಿಯ ರೆಕಾರ್ಡಿಂಗ್ ಅಂಗಡಿಯವನು ಇದನ್ನು ಕೊಟ್ಟು ಕಳಿಸಿದ್ದನಂತೆ. ಮೊದಲ ಸಲ ಕೇಳಿದಾಗ ಇಬ್ಬರಿಗೂ ನಗು ಬಂತು. ವಾರ ಕಳೆಯುವುದರೊಳಗೆ ನಗುವುದು ನಿಂತು, ಕೇಳುವುದು ಮಾತ್ರ ಉಳಿಯಿತು.

ಆಗ ಆಳಂದದಲ್ಲಿ ಕರೆಂಟು ಇರುತ್ತಿದ್ದುದಕ್ಕಿಂತ ಹೋಗುತ್ತಿದ್ದುದೇ ಹೆಚ್ಚು. ಟೇಪ್ ರೆಕಾರ್ಡರನ್ನು ಸೆಲ್ಲಿನ ಮೇಲೆ ನಡೆಸುತ್ತಿದ್ದೆವು. ಸೆಲ್ಲು ಸೋತರೆ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು. ನಮ್ಮ ಕಡೆಯ ಬಿಸಿಲಿಗೆ ಸತ್ತ ಸೆಲ್ಲೂ ಎದ್ದು ಕೂತು ಮತ್ತೊಂದಿಷ್ಟು ಹಾಡುತ್ತಿತ್ತು. ಕರೆಂಟು ನೆಟ್ಟಗೆ ಬರುವ ಕಾಲಕ್ಕೆ ಟೇಪಿನೊಳಗಿನ ರಬ್ಬರ್ ಬೆಲ್ಟು ಜೋತುಬಿದ್ದಿತ್ತು. ಅಂತೂ ಹಾಡುತ್ತಿತ್ತಲ್ಲ, ನಮಗೆ ಅಷ್ಟು ಸಾಕಾಗಿತ್ತು.

ಹಾಡು ನಡೆಯುವಾಗ ಮಾತಿಲ್ಲ. ಒಂದು ಮಗ್ಗುಲು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದ ಮೇಲೆ ಅವನು ಕ್ಯಾಸೆಟ್ ಹೊರಗೆ ತೆಗೆದು, ಸಡಿಲಾದ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ. ಆಗ ಚಹಾ, ಚಹಾದ ಜೊತೆ ಮಾತು. ಗಂಡಸರು ಎದುರುಬದುರು ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳುವುದು ಕಷ್ಟದ ಕೆಲಸ. ಒಬ್ಬನ ಕೈ ಕ್ಯಾಸೆಟ್ ಸುತ್ತುತ್ತಿದ್ದರೆ, ಇಬ್ಬರ ಕಣ್ಣೂ ಅದರ ಮೇಲಿದ್ದರೆ, ಹೇಗೋ ಬಾಯಿ ಬಿಚ್ಚುತ್ತದೆ. ಹುಡುಗಿ ನೋಡಿ ಒಪ್ಪಿ ಬಂದದ್ದನ್ನು ನಾನು ಹೇಳಿದ್ದು ಹಾಗೆ ಕೂತಾಗ. ಚಾಚಾನನ್ನು ಬಿಟ್ಟು ಅಫಜಲಪುರದಲ್ಲಿ ಸ್ವಂತ ಅಂಗಡಿ ಹಾಕುವೆನೆಂದು ಅವನು ಹೇಳಿದ್ದೂ ಹಾಗೇ. ಅವನ ಅಮ್ಮೀ ತೀರಿಕೊಂಡ ತಿಂಗಳು ಎರಡನೆಯ ಮಗ್ಗುಲು ಹಾಕುವುದನ್ನೇ ಮರೆತು ಸಂಜೆಯವರೆಗೆ ಕೂತುಬಿಟ್ಟಿದ್ದೆವು. ನನಗೆ ಜೇವರ್ಗಿಗೆ ವರ್ಗವಾದ ಮೇಲೂ ಈ ಪದ್ಧತಿ ತಪ್ಪಲಿಲ್ಲ.

ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಲಾಗದೆ ಸುದ್ದಿ ಮಾತ್ರ ಹೇಳಿದೆ.

"ಫೋನಿನ್ಯಾಗೇ ಸಿಗ್ತಾವಂದ್ರ ಛಲೋ ಆತಲ್ರಿ. ಮತ್ಯಾಕ ಹುಣಸಿಹಣ್ಣು ತಿಂದವರಂಗ ಮುಖ ಮಾಡೀರಿ?"

"ಇಲ್ಲೇ ಸಿಕ್ರ ನಾ ಅಫಜಲಪುರಕ್ಕ ಯಾಕ ಹೋಗ್ಬೇಕು?"

"ಅಯ್ಯ, ನೀವು ಹಾಡಿಗೆ ಹೋಗ್ತಿದ್ರೇನು? ನಿಮ್ಮ ದೋಸ್ತನ ಮನ್ಯಾಗ ಭಾಬಿ ಕೊಡೂ ಖಾರಿ ಬಿಸ್ಕೀಟು, ಚಾಕ್ಕ ಹೋಗ್ತೀರಂತ ತಿಳ್ಕೊಂಡಿದ್ದೆ." ಅವಳ ತವರು ಆಳಂದ, ನನ್ನ ಹಣೆಬರಹವನ್ನು ಮದುವೆಗೆ ಮುಂಚೆಯೇ ಓದಿಕೊಂಡು ಬಂದವಳು. "ನಿಮ್ಮನ್ನ ಮೊದಲ ನೋಡಿದಾಗೇ ನಮ್ಮಪ್ಪ ಅಂದಿದ್ದ: ಹುಡುಗ ಶಾಣ್ಯಾ ಇದ್ದಾನ, ಆದ್ರ ಮನಿಯೊಳಗೂ ಛತ್ರಿ ಹಿಡೀತಾನ ಅಂತ."

ಕೊಳ್ಳುವ ಕೆಲಸ ಒಂದು ಇಡೀ ಮಧ್ಯಾಹ್ನ ನುಂಗಿತು. ತಪ್ಪು ಆ ಅಂಗಡಿಯದಲ್ಲ. ಕಾರ್ಡಿನ ನಂಬರು ಒತ್ತುವ ಮೊದಲು ಬಾಗಿಲು ಹಾಕಿದೆ, ಆಮೇಲೆ ಕಿಟಕಿಯನ್ನೂ ಹಾಕಿದೆ. ಬ್ಯಾಂಕಿನಿಂದ ಬಂದ ಓಟಿಪಿ ನಿಜವಾಗಿಯೂ ಬ್ಯಾಂಕಿನದೇ ಎಂದು ಪರೀಕ್ಷಿಸುತ್ತ ಕೂತದ್ದರಿಂದ ಅದರ ಅವಧಿ ತೀರಿತು. ಮತ್ತೊಂದು ತರಿಸಿಕೊಂಡೆ. ಕಡೆಗೆ ಹಾಡುಗಳು ಒಂದೊಂದಾಗಿ ಫೋನಿಗೆ ಇಳಿದವು. ಕೇಳಲಿಲ್ಲ. ಅವನನ್ನು ಬಿಟ್ಟು ಕೇಳುವುದೆಂದರೆ ಅವನ ಬುತ್ತಿಯನ್ನು ಅವನಿಲ್ಲದಾಗ ಬಿಚ್ಚಿ ತಿಂದಂತೆ ಎನಿಸಿತು.

ಆ ಶನಿವಾರ ಹುಣ್ಣಿಮೆಯೂ ಬಂದಿತ್ತು. ಗಾಣಗಾಪುರಕ್ಕೆ ಹೋಗುವವರಿಂದ ಬಸ್ಸು ತುಂಬಿ, ಅವರೆಲ್ಲ ಇಳಿಯುವವರೆಗೆ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಫೋನಿದ್ದ ಜೇಬು ಹಿಡಿದು ನಿಂತೆ.

ದೋಸ್ತ ಎಂದಿನಂತೆ ಶಟರ್ ಅರ್ಧ ಇಳಿಸಿದ. ಸಂಗತಿ ಹೇಳಿದೆ. "ಅರೆ ವಾ! ಬಂದವೇನು ಕಡೀಗೆ?" ಎಂದು ಫೋನನ್ನು ಎರಡೂ ಕೈಯಿಂದ ತೆಗೆದುಕೊಂಡ. ದನಿ ಹೆಚ್ಚಾಗಲೆಂದು ಖಾಲಿ ಬೂಟಿನ ಡಬ್ಬಿಯೊಂದರಲ್ಲಿ ಅದನ್ನು ನಿಲ್ಲಿಸಿದ. ಗಿಟಾರು ಶುರುವಾಯಿತು. ಎಲ್ಲ ಗುರುತಿನದೇ, ಆದರೆ ಹಿಂದೆ ನಾಯಿ ಬಿದ್ದಂತೆ ಓಡುತ್ತಿತ್ತು. ಆಮೇಲೆ ಹಾಡುವವನು ಬಾಯಿ ತೆರೆದ.

ದೋಸ್ತ ನನ್ನ ಮುಖ ನೋಡಿದ. "ಯಾರಲೇ ಈ ಹುಡುಗ?"

"ಅವನೇ."

"ಅವನಲ್ಲ. ಅವನ ಮಗ ಇರ್ಬೇಕು. ನಮ್ಮವ ದಪ್ಪಗ, ಮೀಸಿ ಬಿಟ್ಕೊಂಡಿರೂ ಮನಷ್ಯಾ."

ನನಗೂ ಹಾಗೇ ಅನ್ನಿಸಿತ್ತು. ಸೋತ ಸೆಲ್ಲು, ಆಮೇಲೆ ಜೋತುಬಿದ್ದ ಬೆಲ್ಟು. ಇವೆರಡರ ದೆಸೆಯಿಂದ ಆ ಕ್ಯಾಸೆಟ್ ನಮ್ಮಲ್ಲಿ ಎಂದೂ ಸರಿಯಾದ ವೇಗದಲ್ಲಿ ಓಡಿಯೇ ಇರಲಿಲ್ಲ. ನಿಧಾನವಾದ ಟೇಪಿನಲ್ಲಿ ದನಿಯೂ ಇಳಿದು ದಪ್ಪವಾಗುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನಿಗೆ ಸಕ್ಕರೆ ಕಾಯಿಲೆಯ ಯಜಮಾನನ ದನಿ ಕೊಟ್ಟು ಇಷ್ಟು ವರ್ಷ ತಲೆದೂಗಿದ್ದೆವು. ಎಂದೋ ತಂಡದ ಫೋಟೋ ಸಿಕ್ಕಾಗಲೂ ಹಿಂದೆ ನಿಂತ ಗಡ್ಡದ ಧಡೂತಿಯೇ ಹಾಡುವವನು, ಮುಂದಿರುವ ಕಡ್ಡಿ ಪೈಲ್ವಾನ ಯಾರೋ ಸಂಬಂಧಿಕ ಎಂದು ಇಬ್ಬರೂ ತೀರ್ಮಾನಿಸಿದ್ದೆವು. ನಾನು ಇತಿಹಾಸ ಕಲಿಸುವ ಮೇಷ್ಟ್ರು, ಸಾಕ್ಷ್ಯಾಧಾರಗಳ ಮೇಲೆ ಪಾಠ ಮಾಡುತ್ತೇನೆ.

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಸುಮ್ಮನಾಗಿ ಕೇಳಿದೆವು. ನಾವು ಎಂದೂ ಕೇಳಿರದ ಚಿಕ್ಕ ಗಂಟೆಯೊಂದು ಎಲ್ಲೋ ಹಿಂದಿನಿಂದ ಬಂತು. ಡೊಳ್ಳಿನವನು ಉಸಿರೆಳೆದುಕೊಂಡದ್ದೂ ಕೇಳಿಸಿತು. ಒಂದು ಹಾಡಿನ ಬಾಲ ಹಿಡಿದು ಇನ್ನೊಂದು ಬಂತು. ಮೊದಲ ಮಗ್ಗುಲು ಮುಗಿಯಬೇಕಾದಲ್ಲಿ ದೋಸ್ತನ ಕೈ ಡಬ್ಬಿಯ ಕಡೆ ಚಾಚಿದ್ದನ್ನು ಕಂಡೆ. ಅಷ್ಟರಲ್ಲಿ ಎರಡನೆಯ ಮಗ್ಗುಲಿನ ಹಾಡು ತಾನೇ ಶುರುವಾಯಿತು, ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವನ ಹೆಂಡತಿ ಒಳಬಾಗಿಲಿನಿಂದ ಚಹಾ ತಂದಿಟ್ಟು, ನಾವು ಮಾತಾಡದೆ ಕೂತದ್ದನ್ನು ನೋಡಿ ಒಳಗೆ ಹೋದರು. ಚಹಾದ ಮೇಲೆ ಕೆನೆ ಕಟ್ಟಿತು. ಹಾಡುಗಳೆಲ್ಲ ಮುಗಿದಾಗ ನನ್ನ ಬಸ್ಸಿನ ಹೊತ್ತಾಗಿತ್ತು.

"ಸಾಫ್ ಅದ," ಅಂದ ಅವನು. "ಭಾಳ ಸಾಫ್ ಅದ."

"ಹೌದು, ಭಾಳ ಸಾಫ್ ಅದ," ಅಂದೆ ನಾನು.

ಅಷ್ಟೇ. ಕೈಕುಲುಕಿ, ಮನೆಯ ಕಡೆಯ ಬಾಗಿಲಿನಿಂದ ಹೊರಟೆ. ಹೆದರಿದ್ದೇ ಆಯಿತಲ್ಲ ಎಂದು ಒಳಗೆ ಕುಟುಕುತ್ತಿತ್ತು. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಭಾಬಿ ಮೊರ ಕೆಳಗಿಟ್ಟು ಎದ್ದರು.

"ಭಾಯ್‌ಸಾಬ್, ನೀವೇನಂದ್ರಿ ಮತ್ತ?"

"ಎದಕ್ಕ, ಭಾಬಿ?"

"ಸೊಲ್ಲಾಪುರದ್ದು ಹೇಳ್ಲಿಲ್ಲೇನು ಅವ್ರು? ಮುಂಜಾನಿಂದ ಅನ್ನಾಕತ್ತಾರ, ಕ್ಯಾಸೆಟ್ ತಿರುವಾಗ ಕೇಳ್ತೇನಿ, ಕ್ಯಾಸೆಟ್ ತಿರುವಾಗ ಕೇಳ್ತೇನಿ ಅಂತ. ನನ್ನ ತಮ್ಮಗ ನಾಳಿಗಿ ಜವಾಬು ಕೊಡ್ಬೇಕು."

ಅವರ ತಮ್ಮ ಸೊಲ್ಲಾಪುರದಲ್ಲಿ ದೊಡ್ಡ ಚಪ್ಪಲಿ ಶೋರೂಮು ತೆರೆಯುವವನಿದ್ದನಂತೆ. ಇಲ್ಲಿಯ ಅಂಗಡಿ ಬಿಟ್ಟುಕೊಟ್ಟು ಪಾಲುದಾರನಾಗಿ ಬಾ ಎಂದು ಭಾವನನ್ನು ಕರೆದಿದ್ದ. ನಾನು ಹೆದರಿದ್ದು ಜೇಬಿನಲ್ಲಿರುವ ಹಾಡುಗಳಿಗೆ. ಎರಡನೇ ಶನಿವಾರ ಕೈತಪ್ಪಿ ಹೋಗಲಿದ್ದುದು ಬೇರೆಯದೇ ದಾರಿಯಿಂದ. ಅದನ್ನು ಹೇಳಲು ಅವನು ಕಾದು ಕೂತ ಹೊತ್ತನ್ನು ನನ್ನ ಫೋನು ಹಾರಿಕೊಂಡು ಹೋಗಿತ್ತು.

ತಿರುಗಿ ಒಳಗೆ ಹೋದೆ. ಅವನು ಬೂಟುಗಳನ್ನು ಡಬ್ಬಿಗೆ ಹಾಕುತ್ತಿದ್ದ.

"ಬಸ್ ತಪ್ಪಿತೇನು?"

"ಇಲ್ಲ. ಚಾ ಕುಡಿಯೂದು ಉಳಿದದ."

ಅವನಿಗೆ ತಿಳಿಯಿತು. ಶೆಲ್ಫಿನಿಂದ ಹಳೆಯ ಕ್ಯಾಸೆಟ್ ತೆಗೆದು, ಪೆನ್ಸಿಲ್ ತೂರಿಸಿ, ಸುತ್ತುವ ಅಗತ್ಯವಿಲ್ಲದಿದ್ದರೂ ಸುತ್ತುತ್ತ ಕೂತ. ಮಾತು ಬಂತು. ಎಲ್ಲ ಹೇಳಿ ಮುಗಿಸಿ, "ಈಗ ನೀ ಹೆದರ್ಕೋ," ಅಂದ.

"ಅಂದ್ರ?"

"ಅಂದ್ರ, ನಿನ್ನಷ್ಟು ಛಲೋ ಹೆದರವ್ರು ಈ ಕಡೀಗೆ ಯಾರೂ ಇಲ್ಲಲೇ. ಏನೇನ್ ಕೆಡಬಹುದು, ಎಲ್ಲಾ ಹೆದರಿಬಿಡು. ನನಗ ಹೆದರಾಕ ಏನೂ ಉಳಿಯಂಗಿಲ್ಲ. ಆಮ್ಯಾಲ ತಣ್ಣಗ ವಿಚಾರ ಮಾಡ್ತೇನಿ."

ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಈ ಗುಣವನ್ನು ಕೆಲಸಕ್ಕೆ ಕರೆದಿದ್ದರು. ಆದರೆ ನನ್ನ ಲಾಭವೂ ಇದರಲ್ಲಿ ಇತ್ತಲ್ಲ. ಸೊಲ್ಲಾಪುರಕ್ಕೆ ಮಾತ್ರ ಹೆದರಿದರೆ ಅದು ಹೆದರಿಕೆಯಲ್ಲ, ವಕೀಲಿಕೆ. ಹಾಗಾಗಿ ಎರಡೂ ಕಡೆಗೆ ಪ್ರಾಮಾಣಿಕವಾಗಿ ಹೆದರಿದೆ. ಹೋದರೆ ಹೊಸ ಊರು, ಹೊಸ ಗಿರಾಕಿ, ನೆಂಟಸ್ತಿಕೆಯಲ್ಲಿ ವ್ಯಾಪಾರ ಬೆರೆತರೆ ಎರಡೂ ಹಳಸಬಹುದು. ಉಳಿದರೆ ಇಲ್ಲಿಯವರೂ ಚಪ್ಪಲಿಯನ್ನು ಫೋನಿನಲ್ಲೇ ತರಿಸುತ್ತಾರೆ, ಏಣಿ ಹತ್ತಿ ಡಬ್ಬಿ ಇಳಿಸಲು ಅವನ ಮೊಣಕಾಲು ಇನ್ನೆಷ್ಟು ದಿನ ಒಪ್ಪೀತು. ಸೊಲ್ಲಾಪುರದ ಶೋರೂಮಿಗೆ ಬೆಂಕಿ ಬಿದ್ದರೆ ಎಂದೂ ಹೆದರಿದೆ. ಅವನು ಕಣ್ಣು ಮುಚ್ಚಿ, ಒಳ್ಳೆಯ ಗಿಟಾರು ಕೇಳುವವನಂತೆ, ಹೂಂಗುಟ್ಟುತ್ತಿದ್ದ.

"ಮುಗೀತೇನು?"

"ಇನ್ನೊಂದದ. ಅದು ನಿಂದಲ್ಲ, ನಂದು." ಪೆನ್ಸಿಲ್ಲನ್ನೇ ನೋಡುತ್ತ ಅಂದೆ. "ಎರಡನೇ ಶನಿವಾರ ನಾ ಎಲ್ಲಿಗೆ ಹೋಗ್ಲಿ?"

ಅವನ ಕೈಯ ಪೆನ್ಸಿಲ್ ನಿಂತಿತು. "ಇದನ್ನ ಮೊದಲ ಹೇಳಾಕ ಏನಾಗಿತ್ತಲೇ, ಮಾಸ್ತರಾ? ಶೋರೂಮಿಗೆ ಬೆಂಕಿ ಹಚ್ಚಿ ಬರಬೇಕಿತ್ತೇನು?"

ನಕ್ಕು, ಮತ್ತೆ ಪೆನ್ಸಿಲ್ ತಿರುಗಿಸತೊಡಗಿದ. ಆಮೇಲೆ ತಾನೇ ಹೇಳಿದ: "ಖರೇ ಹೇಳ್ಲೇನು? ಅಲ್ಲಿ ಗಲ್ಲೆ ಮ್ಯಾಲ ಅವ ಕೂಡ್ತಾನ, ನಾ ನಿಂದರ್ಬೇಕು. ಇಲ್ಲಿ ದಿನಕ್ಕ ನಾಕ್ ಮಂದಿ ಬಂದ್ರೂ ನನ್ನ ಕೇಳ್ಕೊಂಡು ಬರ್ತಾರ. ಕಾಲು ನೋಡಿದ್ರ ಯಾರ ಮಗ ಅಂತ ಹೇಳ್ತೇನಿ. ಈ ವಯಸ್ಸಿನ್ಯಾಗ ಹೋಗಿ ಯಾರದೋ ಜೀಜಾ ಅನ್ನಿಸ್ಕೊಳ್ಳಲೇನು?"

ಅಲ್ಲೇ ಮೈದುನನಿಗೆ ಫೋನು ಮಾಡಿದ. "ನಕ್ಕೋ ಮಿಯಾಂ, ಮೈ ಯಹೀಂಚ್ ಠೀಕ್ ಹೂಂ," ಅಂದ; ಬೇಡ, ಇಲ್ಲೇ ಆರಾಮಾಗಿದ್ದೇನೆ ಎಂದು. ಕೆಲಸದ ಮಾತು ಅಷ್ಟೇ. ಉಳಿದದ್ದೆಲ್ಲ ಸಲಾಮು, ದುವಾ, ಮಕ್ಕಳ ವಿಚಾರ.

ಒಳಬಾಗಿಲಿನಿಂದ ಭಾಬಿಯ ದನಿ ಬಂತು. "ಛಲೋ ಆತು. ನನಗೂ ಅಲ್ಲಿ ತಮ್ಮನ ಹೆಂಡತಿ ಕೈಕೆಳಗ ಇರೂದು ಆಗ್ತಿರಲಿಲ್ಲ."

"ಮೊದಲೇ ಹೇಳ್ಬೇಕಿಲ್ಲೇನು ನೀ?"

"ನನ್ನ ಯಾರ್ ಕೇಳಿದ್ರು? ನೀವು ಭಾಯ್‌ಸಾಬರನ್ನ ಕೇಳ್ತೇನಂದ್ರಿ."

ಇಬ್ಬರೂ ತಲೆ ತಗ್ಗಿಸಿ ಬಿಸಿ ಮಾಡಿದ ಚಹಾ ಕುಡಿದೆವು. ಜೇವರ್ಗಿಯ ಬಸ್ಸು ಹೋಗಿಬಿಟ್ಟಿತ್ತು, ಕಲಬುರಗಿಯ ಮೇಲೆ ಸುತ್ತು ಹಾಕಿ ಹೋಗಬೇಕಾಯಿತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನನ್ನ ಮಾತಿನಿಂದಲೇ ಅವನ ದೊಡ್ಡ ಅವಕಾಶ ತಪ್ಪಿತೋ ಏನೋ, ನಾಳೆ ಆ ಶೋರೂಮು ಭರ್ಜರಿಯಾಗಿ ನಡೆದರೆ ಅವನ ಮುಖ ಹೇಗೆ ನೋಡಲಿ ಎಂದು ಕ್ರಮವಾಗಿ ಹೆದರಲು ಕೂತೆ. ಊರು ದಾಟುವುದರೊಳಗೆ ಕಣ್ಣು ಎಳೆಯಿತು. ಬಸ್ಸಿನಲ್ಲಿ ನಿದ್ದೆ ಮಾಡಿದರೆ ಚೀಲ ಹೋಗುತ್ತದೆ ಎಂದು ಕಾಯುತ್ತ ಕೂರುವವನು ನಾನು. ಆವತ್ತು ಕಲಬುರಗಿ ನಿಲ್ದಾಣದಲ್ಲಿ ಕಂಡಕ್ಟರ್ ಭುಜ ಅಲುಗಾಡಿಸಿ, "ಏಳ್ರಿ ಸರ, ಮನ್ಯಾಗ ಮಲ್ಕೋರಿ," ಎಂದು ಎಬ್ಬಿಸಬೇಕಾಯಿತು.