ನನ್ನ ಬೌಲಿಂಗಿಗೆ ವಿಕೆಟ್ ಕಾಯುತ್ತಿದ್ದವನು

ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ಎರಡನೆಯ ತಿಂಗಳಲ್ಲಿ ಆ ಗೆಳೆಯ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ, ಅವನ ಟೀ ಶರ್ಟಿನ ದೆಸೆಯಿಂದ. ಅರ್ಧ ಜಿಪ್ ತೆರೆದಿದ್ದ ಚಳಿಕೋಟಿನೊಳಗೆ ಒಂದು ಹೆವಿ ಮೆಟಲ್ ಸಂಗೀತದ ಬ್ಯಾಂಡಿನ ಹೆಸರು ಕಾಣುತ್ತಿತ್ತು. ಕಿತ್ತು ತೆಗೆದ ಪೊದೆಯ ಬೇರುಗಳಂತೆ ಹೆಣೆದುಕೊಂಡ ಅಕ್ಷರಗಳು, ಗೊತ್ತಿಲ್ಲದವರು ಓದಲಾರರು. ನಾನು ಓದಿದೆ. ಮಾತಾಡಿಸುವುದೋ ಬೇಡವೋ ಎಂದು ಅನುಮಾನಿಸುತ್ತಿರುವಾಗಲೇ ಅವನ ಫೋನು ಬಡಿದುಕೊಂಡಿತು. "ಹ್ಞಾಂ ಅಮ್ಮ, ಊಟ ಆಯ್ತ್" ಎಂದ. ಕುಂದಾಪುರದವನು. ಫೋನಿಟ್ಟ ಮೇಲೆ ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಅವನ ಮಾತಿನ ಧಾಟಿ ಬೆಂಗಳೂರಿನದಾಯಿತು. "ಅರೆ ಬಾಸ್, ನೀವೂನಾ? ಈ ಬ್ಯಾಂಡ್ ಕೇಳೋ ಕನ್ನಡದವ್ರು ಈ ಊರಲ್ಲಿ ನಾನೊಬ್ನೇ ಅನ್ಕೊಂಡಿದ್ದೆ."

ಅಂದಿನಿಂದ ಆರು ವರ್ಷ ಶನಿವಾರದ ಮಧ್ಯಾಹ್ನಗಳು ನಮ್ಮವಾದವು. ನನ್ನ ಹೆಂಡತಿ ಮಗಳನ್ನು ಈಜಿನ ತರಗತಿಗೆ ಕರೆದುಕೊಂಡು ಹೋಗುವ ಎರಡು ಗಂಟೆ ಅವನು ನಮ್ಮ ಮನೆಗೆ ಬರುತ್ತಿದ್ದ. ಅವನದೊಂದು ಆಲ್ಬಂ, ನನ್ನದೊಂದು. ಫೋನುಗಳನ್ನು ಸದ್ದಡಗಿಸಿ ಪುಸ್ತಕದ ಕಪಾಟಿನ ಮೇಲಿಡಬೇಕು. ಹಾಡು ನಡೆಯುವಾಗ ಮಾತಿಲ್ಲ, ರೆಕಾರ್ಡಿನ ತಟ್ಟೆ ತಿರುವಿ ಹಾಕುವಾಗ ಮಾತ್ರ ಮಾತು. ಈ ನಿಯಮಗಳೆಲ್ಲ ನನ್ನವೇ. ದಾವಣಗೆರೆಯ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬನ ಟೇಪಿನಿಂದ ಹಿಡಿದ ಹುಚ್ಚು ನನ್ನದು. ನಿಧಾನವಾದ, ಭಾರವಾದ, ಮುಗಿಯುವುದೇ ಇಲ್ಲವೇನೋ ಎನ್ನಿಸುವ ಸಂಗೀತ ನನಗಿಷ್ಟ. ಅವನಿಗೆ ವೇಗ ಬೇಕು. ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಐವತ್ತು ಅತ್ಯುತ್ತಮ ಆಲ್ಬಂಗಳ ಪಟ್ಟಿ ಮಾಡಿದ್ದೆವು. ಯಾವುದನ್ನು ಮೇಲೇರಿಸಬೇಕು, ಯಾವುದನ್ನು ಇಳಿಸಬೇಕು ಎಂಬ ಜಗಳ ಎಂದೂ ಮುಗಿಯಲಿಲ್ಲ.

ಬೇಸಿಗೆಯಲ್ಲಿ ಕ್ರಿಕೆಟ್. ಭಾರತದವರು, ಪಾಕಿಸ್ತಾನದವರು, ಒಬ್ಬಿಬ್ಬರು ಅಫ್ಘಾನಿಗಳು ಸೇರಿದ ತಂಡ. ಮೈದಾನ ಕೊಮ್ಯೂನಿನದು, ಅಂದರೆ ನಮ್ಮಲ್ಲಿನ ನಗರಸಭೆಯಂಥದ್ದರದು. ನಾನು ಮಧ್ಯಮ ವೇಗದ ಬೌಲರ್, ಅವನು ವಿಕೆಟ್ ಕೀಪರ್. ನಾನು ಓಡಿ ಬರುವ ರೀತಿಯಿಂದಲೇ ಚೆಂಡು ಎತ್ತ ಹೋಗುತ್ತದೆಂದು ಅವನಿಗೆ ಗೊತ್ತಾಗುತ್ತಿತ್ತು. ನನ್ನ ಚೆಂಡು ಬ್ಯಾಟನ್ನು ದಾಟಿ ಅವನ ಗ್ಲೌಸಿಗೆ ಬಿದ್ದಾಗ ಆಗುವ ಆ 'ಧಪ್' ಸದ್ದಿಗಿಂತ ಸುಖವಾದ ಸದ್ದು ನನಗೆ ಬೇರೊಂದಿರಲಿಲ್ಲ.

ನಮ್ಮ ಮೈದಾನಕ್ಕೆ ತಾಗಿ ಬೇಸ್‌ಬಾಲ್ ಮೈದಾನವಿತ್ತು. ಒಂದು ದಿನ ಎದುರು ತಂಡ ಹೊಡೆದ ಸಿಕ್ಸರ್ ಆ ಕಡೆ ಹೋಯಿತು. ಚೆಂಡನ್ನು ಎತ್ತಿಕೊಂಡು ಬಂದವನು ಎತ್ತರದ ಮುದುಕ. ನರೆತ ಜುಟ್ಟು, ಬಣ್ಣಗೆಟ್ಟ ಕಪ್ಪು ಬ್ಯಾಂಡ್ ಟೀ ಶರ್ಟು. ಚೆಂಡು ಕೊಟ್ಟು ಹೋಗಬಹುದಿತ್ತು; ಅಲ್ಲೇ ಬೇಲಿಗೊರಗಿ ಮೂರು ಓವರ್ ನೋಡಿದ. ಅವುಗಳಲ್ಲಿ ಎರಡು ನನ್ನವೇ. ಆಟ ನಿಂತಾಗ ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದ: "ಆ ಕೈಗಳು ಯಾರವು?"

ಕೀಪರನ ಬಗ್ಗೆ ಕೇಳುತ್ತಿದ್ದ. ಬೌಲರನ ಬಗ್ಗೆ ಏನನ್ನೂ ಕೇಳಲಿಲ್ಲ.

ಮುದುಕ ಅಮೆರಿಕದ ಯಾವುದೋ ಸಣ್ಣ ಊರಿನವನು. ಇಪ್ಪತ್ತರ ಹರೆಯದಲ್ಲಿ ಇಲ್ಲಿನ ಬೇಸ್‌ಬಾಲ್ ಕ್ಲಬ್ಬಿಗೆ ಆಡಲು ಬಂದವನು ಮದುವೆಯಾಗಿ ಇಲ್ಲೇ ಉಳಿದ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿ ನಿವೃತ್ತನಾಗಿದ್ದ. ಆಟದಲ್ಲಿ ಅವನು ಪಿಚರ್; ನಮ್ಮ ಬೌಲರ್ ಇದ್ದಂತೆ, ಆದರೆ ಚೆಂಡು ನೆಲ ಮುಟ್ಟದೆ ಹೋಗಬೇಕು. ಅದನ್ನು ಹಿಡಿಯಲು ಹಿಂದೆ ಕುಕ್ಕರುಗಾಲಿನಲ್ಲಿ ಕೂರುವವನು ಕ್ಯಾಚರ್. "ಈ ಊರಲ್ಲಿ ಒಳ್ಳೆಯ ಕ್ಯಾಚರ್ ಸಿಕ್ಕದೆ ಎಷ್ಟೋ ವರ್ಷವಾಯಿತು" ಎಂದು ನನ್ನ ಗೆಳೆಯನ ಅಂಗೈಯನ್ನು ತಿರುಗಿಸಿ ನೋಡಿದ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಆಮೇಲೆ ಮೂವರ ಟೀ ಶರ್ಟುಗಳ ವಿಷಯ ಬಂತು. ಮುಂದಿನ ವಾರವೇ ನಾವು ಅವನ ಮನೆಯ ನೆಲಮಾಳಿಗೆಯಲ್ಲಿದ್ದೆವು.

ಅಂಥ ಸಂಗ್ರಹವನ್ನು ನಾನು ಅಂಗಡಿಯಲ್ಲೂ ಕಂಡಿರಲಿಲ್ಲ. ನೆಲದಿಂದ ಸೂರಿನವರೆಗೆ ಆಲ್ಬಂಗಳು. ಒಂದು ಗೋಡೆಯ ತುಂಬ ಮಾತ್ರ ಅವನೊಡನೆ ಆಡಿದ್ದ ಹಳೆಯ ಆಟಗಾರರ ಫೋಟೋಗಳು, ಪ್ರತಿ ಫೋಟೋದ ಕೆಳಗೆ ಒಂದೊಂದು ಆಲ್ಬಂನ ಹೊದಿಕೆ.

"ಇವನು ಬಸ್ ಓಡಿಸುತ್ತಿದ್ದ" ಎಂದು ಒಂದನ್ನು ತೋರಿಸಿದ. "ಪಂದ್ಯದ ಮುಕ್ಕಾಲು ಪಾಲು ನಿದ್ದೆ. ಕೊನೆಗೆ ಬಂದು ಒಂದೇ ಏಟಿಗೆ ಗೆಲ್ಲಿಸುತ್ತಿದ್ದ. ಈ ಆಲ್ಬಂ ಕೂಡ ಹಾಗೆಯೇ, ಕೊನೆಯ ಹಾಡಿನವರೆಗೆ ತಾಳ್ಮೆ ಬೇಕು. ಇವನು ಹಲ್ಲಿನ ಡಾಕ್ಟರು. ಒಂದೂ ತಪ್ಪಿಲ್ಲ, ಒಂದೂ ಕಿಡಿಯಿಲ್ಲ. ಅದಕ್ಕೇ ಇದು."

ಅಮೆರಿಕದ ಹೆಸರಾಂತ ಆಟಗಾರರ ಚಿತ್ರ ಒಂದೂ ಇರಲಿಲ್ಲ. ಕೇಳಿದ್ದಕ್ಕೆ, "ಅವರನ್ನು ಇಷ್ಟಪಡಲು ಬೇಕಾದಷ್ಟು ಜನ ಇದ್ದಾರೆ" ಎಂದ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಆ ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ್ದೆ. ಮುಂದೆ ಅವನನ್ನು ದ್ವೇಷಿಸಲು ನನಗೆ ಕಾರಣ ಸಿಗದೆ ಹೋದದ್ದೇ ಕಷ್ಟವಾಯಿತು.

ನಮ್ಮ ಮೂರನೆಯ ಭೇಟಿಯಲ್ಲಿ ಪಿಚರ್ ಕಪಾಟಿನಿಂದ ಒಂದು ಆಲ್ಬಂ ಎಳೆದು ನನ್ನ ಗೆಳೆಯನ ಕೈಗಿಟ್ಟ. "ಇದು ನೀನು" ಎಂದ.

ಗೆಳೆಯ ಬಹುಮಾನ ಬಂದ ಮಗುವಿನಂತೆ ಕೆಂಪಾದ. ನಾನು ತಮಾಷೆಗೆಂಬಂತೆ ಕೇಳಿದೆ, "ನಾನು ಯಾವುದು?"

ಮುದುಕ "ನಿನ್ನನ್ನು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ" ಎಂದ. ಮರ್ಯಾದೆಯಾಗಿಯೇ ಹೇಳಿದ.

ಆ ಆಲ್ಬಂ ಬೇರೆ ಯಾವುದಾದರೂ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ನಾಲ್ಕು ವರ್ಷದ ಹಿಂದೆ ನಾನೇ ಗೆಳೆಯನಿಗೆ ಅದನ್ನು ಕೇಳಿಸಿದ್ದೆ. ಅರ್ಧಕ್ಕೆ ಆಕಳಿಸಿ "ಸ್ವಲ್ಪ ಬೋರು ಬಾಸ್" ಎಂದಿದ್ದ. ಈಗ ಸೈಕಲ್ ತುಳಿದುಕೊಂಡು ವಾಪಸಾಗುವಾಗ, "ಎಂಥಾ ಆಲ್ಬಂ ಮಾರಾಯಾ! ಆ ಎರಡನೇ ಹಾಡು!" ಎನ್ನುತ್ತಿದ್ದಾನೆ.

"ಅದನ್ನ ನಾನೇ ನಿಂಗೆ ಫಸ್ಟ್ ಕೇಳ್ಸಿದ್ದು" ಎಂದೆ.

"ಹೌದಾ? ನೆನಪೇ ಇಲ್ವಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ. ಗಾಳಿ ಎದುರಿನಿಂದ ಬೀಸುತ್ತಿತ್ತು. ನಾನು ತಲೆ ತಗ್ಗಿಸಿ ಜೋರಾಗಿ ತುಳಿದು ಅವನನ್ನು ಹಿಂದೆ ಹಾಕಿದೆ.

ಆಮೇಲಾಮೇಲೆ ಶನಿವಾರಗಳು ತಪ್ಪತೊಡಗಿದವು. ಮೊದಲು ಮೆಸೇಜು ಬರುತ್ತಿತ್ತು, "ಸಾರಿ, ಪ್ರಾಕ್ಟೀಸ್ ಇದೆ." ಕೊನೆಗೆ ಮೆಸೇಜೂ ನಿಂತಿತು. ಪಿಚರ್ ಎಸೆಯುವುದು, ಇವನು ಹಿಡಿಯುವುದು, ಆಮೇಲೆ ಇಬ್ಬರೂ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಆಲ್ಬಂ ಕೇಳುವುದು. ನನ್ನನ್ನೂ ಕರೆಯುತ್ತಿದ್ದರು. ಕರೆದದ್ದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು, ಹೋಗುತ್ತಿರಲಿಲ್ಲ. ನಾನು ಕೂಡಿಟ್ಟ ಆಲ್ಬಂಗಳು ಒಮ್ಮೆಲೇ ನನಗೆ ಬಡಕಲಾಗಿ ಕಂಡವು. ನನ್ನ ಹೆಗಲನ್ನು ಪಿಚರನ ಹೆಗಲಿನ ಜೊತೆ, ನನ್ನ ಬೌಲಿಂಗನ್ನು ಅವನ ಎಸೆತದ ಜೊತೆ ತೂಗಿ ನೋಡುತ್ತಿದ್ದೆ. ಅರವತ್ತೆಂಟರ ಮುದುಕನ ಜೊತೆ! ಕ್ರಿಕೆಟ್‌ನಲ್ಲಿ ಗೆಳೆಯನ ಬದಲು ನಿಂತ ಕೀಪರ್ ನನ್ನ ಒಂದೇ ಓವರಿನಲ್ಲಿ ಮೂರು ಚೆಂಡು ಬಿಟ್ಟ. ನಾನು ಮೈದಾನದಲ್ಲೇ ಅವನನ್ನು ಬೈದೆ.

ಒಂದು ಶನಿವಾರ ಹೆಂಡತಿ ಈಜುಕೊಳದಿಂದ ಬಂದವಳು ಕೇಳಿದಳು, "ಏನ್ರೀ, ಬಾಯ್‌ಫ್ರೆಂಡ್ ಕೈಕೊಟ್ಟ ಹುಡುಗಿ ಥರ ಕಿಟಕಿ ಹತ್ರ ನಿಂತಿದೀರಲ್ಲ?"

ಆಗಸ್ಟಿನಲ್ಲಿ ಬೇಸ್‌ಬಾಲ್ ಕ್ಲಬ್ಬಿನ ಹಳಬರ ಪಂದ್ಯವಿತ್ತು. ಗೋಡೆಯ ಮೇಲಿದ್ದ ಬಸ್ ಡ್ರೈವರು, ಹಲ್ಲಿನ ಡಾಕ್ಟರು ಎಲ್ಲರೂ ಬರುವವರಿದ್ದರು. ಅದಾದ ಮೇಲೆ ಪಿಚರನ ಹೆಗಲಿಗೆ ಆಪರೇಷನ್, ಇನ್ನು ಅವನು ಎಸೆಯುವಂತಿಲ್ಲ. ಕೊನೆಯ ಸಲ ತನ್ನ ಚೆಂಡು ಹಿಡಿಯಲು ನನ್ನ ಗೆಳೆಯನನ್ನು ಕೇಳಿಕೊಂಡಿದ್ದ. ಪಂದ್ಯ ಭಾನುವಾರ.

ಗುರುವಾರ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲಿನ ಫ್ರಿಜ್ಜಿನ ಮುಂದೆ ಪಿಚರ್ ಸಿಕ್ಕಿದ. "ಭಾನುವಾರ ಮೈದಾನ ಬೇರೆಯವರಿಗೆ ಹೋಗಿದೆ. ಪಂದ್ಯ ಶನಿವಾರ ಒಂದು ಗಂಟೆಗೆ. ಅವನಿಗೆ ಹೇಳಿಬಿಡುತ್ತೀಯಾ? ನೀನು ಸಿಕ್ಕೆಯಲ್ಲ, ಇನ್ನು ನಾನು ಫೋನು ಮಾಡುವುದಿಲ್ಲ."

"ಖಂಡಿತ ಹೇಳುತ್ತೇನೆ" ಎಂದೆ.

ಹೇಳಬೇಕೆಂದೇ ಇದ್ದೆ. ಶುಕ್ರವಾರ ಅವನೇ ಫೋನು ಮಾಡಿದ. "ನಾಳೆ ಫ್ರೀ ಇದೀನಿ. ಎಷ್ಟ್ ದಿನ ಆಯ್ತು, ಆಲ್ಬಂ ಕೇಳೋಣ್ವಾ? ಹೆಂಗೂ ಮ್ಯಾಚ್ ಇರೋದು ಭಾನುವಾರ." ಅವನ ದನಿಯಲ್ಲಿ ಹಳೆಯ ಉತ್ಸಾಹವಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಬಾ."

ಬಂದ. ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು. ನನಗಿಷ್ಟವಾದ ನಿಧಾನದ ಆಲ್ಬಂ ಒಂದನ್ನು ಅವನೇ ಕೇಳಿ ಹಾಕಿಸಿಕೊಂಡ. ಪಟ್ಟಿಯಲ್ಲಿ ಅದನ್ನು ನಾಲ್ಕು ಮೆಟ್ಟಿಲು ಮೇಲೇರಿಸೋಣ ಎಂದ. ಎಷ್ಟೋ ತಿಂಗಳಿಂದ ನಾನು ಬಯಸಿದ್ದು ಇದೇ ಮಧ್ಯಾಹ್ನ. ಆದರೆ ಒಂದು ಗಂಟೆ ದಾಟಿದಾಗಿನಿಂದ ನನಗೆ ಸಂಗೀತ ಕೇಳಿಸಲಿಲ್ಲ. ಒಂದೂವರೆಗೆ ಮೊದಲ ಬದಿ ಮುಗಿಯಿತು. ಸೈಕಲ್ ಹತ್ತಿದರೆ ಮೈದಾನ ಹತ್ತು ನಿಮಿಷದ ದಾರಿ, ಆಗಲೂ ಹೇಳಬಹುದಿತ್ತು. ಎದ್ದು ಹೋಗಿ ತಟ್ಟೆ ತಿರುವಿ ಹಾಕಿದೆ. ಮರೆತೆ ಎಂದು ನನಗೆ ನಾನೇ ಹೇಳಿಕೊಳ್ಳಲು ಅಲ್ಲಿಂದ ಮುಂದೆ ಸಾಧ್ಯವಿರಲಿಲ್ಲ.

ಮೂರೂವರೆಗೆ ಶೂ ಹಾಕಿಕೊಳ್ಳುತ್ತ ಅವನು ಫೋನು ನೋಡಿದ. ಗುರುತಿಲ್ಲದ ನಂಬರಿನಿಂದ ಆರು ಕರೆ. ತಿರುಗಿ ಮಾಡಿದ. ಮೈದಾನದಿಂದ ಯಾರದೋ ಫೋನಿನಲ್ಲಿ ಪಿಚರ್. ಕೇಳಿ ಮುಗಿಸಿ ಗೆಳೆಯ ನನ್ನ ಕಡೆ ತಿರುಗಿದ.

"ನಿಂಗೆ ಹೇಳಿದ್ರಂತೆ?"

"ಅಯ್ಯೋ... ಮರ್ತೇ ಹೋಯ್ತು ಕಣೋ."

ಅವನು ಶೂ ಲೇಸು ಕಟ್ಟದೆ ಮೆಟ್ಟಿಲಿಳಿದು ಓಡಿದ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಲ್ಲಿನ ಡಾಕ್ಟರು ಕ್ಯಾಚರನಾಗಿ ನಿಂತು ಅರ್ಧಕ್ಕರ್ಧ ಚೆಂಡು ಕೈಬಿಟ್ಟರಂತೆ. ಸಂಜೆ ಗೆಳೆಯನ ಮೆಸೇಜು ಬಂತು: "ಪರ್ವಾಗಿಲ್ಲ ಬಾಸ್, ಎಲ್ರಿಗೂ ಆಗುತ್ತೆ." ಬೈದಿದ್ದರೆ ಚೆನ್ನಾಗಿತ್ತು. ನಂಬಿಬಿಟ್ಟಿದ್ದ.

ಮೂರು ವಾರ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಪಿಚರನ ಮನೆಗೆ ಹೋದೆ. ಆಪರೇಷನ್ ಆಗಿ ಬಲಗೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು. ಎಲ್ಲವನ್ನೂ ಹೇಳಿದೆ. ಅವನು ಕ್ಷಮಿಸುತ್ತಾನೆಂದು ಯಾಕೋ ಅಂದುಕೊಂಡಿದ್ದೆ. ಅವನು ಕೂರು ಎಂದೂ ಹೇಳಲಿಲ್ಲ.

"ಐವತ್ತು ವರ್ಷ ಎಸೆದಿದ್ದೇನೆ" ಎಂದ. "ಕೊನೆಯ ದಿನ ಬೇಲಿಯ ಕಡೆ ನೋಡುತ್ತಲೇ ಎಸೆದೆ, ಈಗ ಬಂದಾನು, ಈಗ ಬಂದಾನು ಎಂದು. ಇದನ್ನು ನನಗೆ ಹೇಳಿ ಹಗುರವಾಗಬೇಡ. ಅವನಿಗೆ ಹೇಳು." ಬಾಗಿಲು ಹಾಕಿಕೊಂಡ.

ಮರುದಿನ ಕೆಲಸ ಮುಗಿಸಿ ನದೀ ದಂಡೆಯ ಸೈಕಲ್ ದಾರಿಯಲ್ಲಿ ಗೆಳೆಯನನ್ನು ನಿಲ್ಲಿಸಿದೆ.

"ನಾನು ಮರ್ತಿರ್ಲಿಲ್ಲ."

"ಎಂಥದ್ದು?"

"ಮ್ಯಾಚು. ನೀನು ನಮ್ಮನೇಲಿ ಕೂತಿದ್ದಷ್ಟು ಹೊತ್ತೂ ನಂಗೆ ನೆನಪಿತ್ತು."

ಅವನು ಸೈಕಲ್ಲಿನ ಬ್ರೇಕನ್ನು ಒತ್ತುತ್ತ, ಬಿಡುತ್ತ ನಿಂತ. ಆಮೇಲೆ ಅವನಿಂದ ಹೊರಟದ್ದು ಅಮ್ಮನ ಜೊತೆ ಮಾತ್ರ ಆಡುತ್ತಿದ್ದ ಭಾಷೆ. "ನಂಗೆ ಒಂದ್ ಮಾತ್ ಹೇಳ್ಲಕ್ಕಿತ್ತಲ್ಲ ಮಾರಾಯಾ. ನೀ ಅಲ್ಲಿಗ್ ಹೋಪುದ್ ನಂಗೆ ಖುಷಿ ಇಲ್ಲೆ ಅಂದಿದ್ರ್ ಸಾಕಿತ್ತ್."

ನಲವತ್ತು ದಾಟಿದ ಗಂಡಸು ಇನ್ನೊಬ್ಬ ಗಂಡಸಿಗೆ ಅದನ್ನು ಹೇಗೆ ಹೇಳುವುದು ಎಂದು ನನಗೆ ಯಾರೂ ಕಲಿಸಿರಲಿಲ್ಲ.

ಆ ವಾರಾಂತ್ಯ ಬಂದು ನಮ್ಮ ಮನೆಯಲ್ಲಿದ್ದ ತನ್ನ ಆಲ್ಬಂಗಳನ್ನು ಬಟ್ಟೆಚೀಲಕ್ಕೆ ತುಂಬಿಕೊಂಡ. ದಾಯಾದಿಗಳ ಪಾಲಿನ ಹಾಗೆ ನಾನು ಒಂದೊಂದನ್ನೇ ಎತ್ತಿ, "ಇದು ನಿಂದು, ಇದೂ ನಿಂದೇ" ಎಂದು ಕೊಟ್ಟೆ. ಚಳಿಗಾಲವಿಡೀ ಮಾತಿರಲಿಲ್ಲ.

ನವೆಂಬರಿನಲ್ಲಿ ಪಿಚರನಿಂದ ಫೋನು ಬಂತು. ಕೈ ಇನ್ನೂ ಮೇಲೇಳುತ್ತಿಲ್ಲ, ಮೇಲಿನ ಸಾಲಿನ ಆಲ್ಬಂ ತೆಗೆದುಕೊಡಲು ಯಾರಾದರೂ ಬೇಕು, ಗೆಳೆಯ ಊರಿಗೆ ಹೋಗಿದ್ದಾನೆ ಎಂದ. ಹೋದೆ. ಅವನು ಹೇಳಿದ್ದನ್ನು ತೆಗೆದೆ, ಹಾಕಿದೆ, ತಿರುವಿದೆ. ಮುಂದಿನ ವಾರವೂ ಹೋದೆ. ಹಳೆಯ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಕ್ರಮೇಣ ಅವನು ತನ್ನ ಜೊತೆ ಆಡಿದವರ ಕಥೆಗಳನ್ನು ನನಗೂ ಹೇಳತೊಡಗಿದ.

ವಸಂತದಲ್ಲಿ ಕ್ರಿಕೆಟ್ ಶುರುವಾದಾಗ ಗೆಳೆಯ ಗ್ಲೌಸ್ ಹಾಕಿಕೊಂಡು ಬಂದ. ನನ್ನ ಮೊದಲ ಮೂರು ಚೆಂಡುಗಳನ್ನು ಹಿಡಿದು ಮುಖ ನೋಡದೆ ಎಸೆದ. ನಾಲ್ಕನೆಯದಾದ ಮೇಲೆ, "ಲೈನ್ ಸ್ವಲ್ಪ ಆಫ್‌ಗೆ ಹಾಕು" ಎಂದ. ಅಲ್ಲಿಂದ ಮತ್ತೆ ಮಾತು ಶುರುವಾಯಿತು. ಶನಿವಾರಗಳು ಮಾತ್ರ ಮರಳಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ವರ್ಷ ಅವನಿಗೆ ಲುಂಡ್‌ನಲ್ಲಿ ಕೆಲಸ ಸಿಕ್ಕಿತು. ಸಾಮಾನನ್ನು ವ್ಯಾನಿಗೆ ತುಂಬಿಸಿದವರು ನಾನು ಮತ್ತು ಪಿಚರ್. ಪಿಚರ್ ಎಡಗೈಯಲ್ಲಿ ದೀಪದ ಬುರುಡೆ ಹಿಡಿದು ಆಜ್ಞೆ ಕೊಡುತ್ತಿದ್ದ. ಎರಡು ತಿಂಗಳ ಮೇಲೆ ಲುಂಡ್‌ನಿಂದ ನನಗೊಂದು ಫೋಟೋ ಬಂತು. ಯಾರದೋ ಮನೆಯ ಹಜಾರದಲ್ಲಿ ಕಪ್ಪು ಟೀ ಶರ್ಟುಗಳ ಗುಂಪು, ನಡುವೆ ಅವನು, ಅವನ ಹೆಗಲ ಮೇಲೆ ಒಬ್ಬ ಗಡ್ಡದವನ ಕೈ. "ಹೊಸ ಗ್ಯಾಂಗು, ಎವ್ರಿ ಸ್ಯಾಟರ್ಡೇ" ಎಂದು ಬರೆದಿದ್ದ.

ಪಿಚರನ ಅಡಿಗೆಮನೆಯಲ್ಲಿ ಕಾಫಿ ಕುಡಿಯುವಾಗ ಅದನ್ನು ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿದ. "ಈ ಗಡ್ಡದವನು ಯಾರು?" ಎಂದ. ಆ ದನಿ ನನಗೆ ಚೆನ್ನಾಗಿ ಪರಿಚಯವಿತ್ತು.

"ಗೊತ್ತಿಲ್ಲ."

ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. "ಹಿಂದಿನ ಕಪಾಟು ನೋಡು. ಆಲ್ಬಂಗಳನ್ನು ಒಂದರ ಮೇಲೊಂದು ಮಲಗಿಸಿದ್ದಾನೆ. ಡೊಂಕಾಗಿ ಹೋಗುತ್ತವೆ."

"ಏನೂ ತಿಳಿಯದವನು."

"ಕೈ ನೋಡು. ಅದು ಚೆಂಡು ಹಿಡಿದ ಕೈಯೇ ಅಲ್ಲ."

ಆ ಗಡ್ಡದವನನ್ನು ನಾವಿಬ್ಬರೂ ಅರ್ಧ ಗಂಟೆ ಮನಸಾರೆ ಆಡಿಕೊಂಡೆವು. ಅವನು ಒಳ್ಳೆಯ ಮನುಷ್ಯನೇ ಇರಬೇಕು. ಕೊನೆಗೆ ಮುದುಕನಿಗೆ ನಗು ಬಂತು, ಆಮೇಲೆ ನನಗೂ.

ಬಸ್‌ಸ್ಟಾಪಿನಲ್ಲಿ ನಿಂತು ಗೆಳೆಯನಿಗೆ ಬರೆದೆ: "ಫೋಟೋ ನೋಡಿ ಹೊಟ್ಟೆ ಉರೀತು. ನಮ್ಮಿಬ್ರಿಗೂ." ಕಳಿಸುವ ಮುಂಚೆ ಎರಡು ಸಲ ಅಳಿಸಿದ್ದೆ.

ಬಸ್ಸು ಬರುವ ಮೊದಲೇ ಉತ್ತರ ಬಂತು: "ಗೊತ್ತಾಯ್ತ್ ಮಾರಾಯಾ. ಮುಂದಿನ್ ತಿಂಗಳ್ ಬತ್ತೆ."