ನಾನು ಹಿಂತೆಗೆದುಕೊಂಡ ಉಮೇದುವಾರಿಕೆ

ಕೊಟ್ಟೂರಿನ ನಮ್ಮ ಮಹಿಳೆಯರ ಹೊಲಿಗೆ ಸಂಘದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಖಾಕಿ ಕಾಗದದಲ್ಲಿ ಕತ್ತರಿಸಿದ ಕಟಿಂಗುಗಳು, ಅಂದರೆ ಅಳತೆಯ ಮಾದರಿಗಳು: ಕುಪ್ಪಸ, ಲಂಗ, ಫ್ರಾಕು, ಶಾಲೆಯ ಅಂಗಿ. ಯಾರು ಬೇಕಾದರೂ ಬಂದು, ಹಳೆಯ ಪೇಪರಿನ ಮೇಲೆ ಅವನ್ನಿಟ್ಟು ಗೆರೆ ಎಳೆದುಕೊಂಡು ಹೋಗಬಹುದಿತ್ತು. ಸಂಘದ ಸದಸ್ಯಳೇ ಆಗಿರಬೇಕೆಂದಿರಲಿಲ್ಲ. ಕಟ್ಟಳೆ ಒಂದೇ. ಕೊರಳು ತಿದ್ದಿದರೆ, ತೋಳು ಅಗಲ ಮಾಡಿದರೆ, ತಿದ್ದಿದ್ದರ ಒಂದು ಪ್ರತಿಯನ್ನು ಟ್ರಂಕಿಗೆ ಹಾಕಬೇಕು. ಕೂಡ್ಲಿಗಿಯವಳು ತಿದ್ದಿದ್ದು ಹಡಗಲಿಯವಳಿಗೆ ಉಪಯೋಗಕ್ಕೆ ಬರುತ್ತಿತ್ತು.

ಈ ಏರ್ಪಾಡು ಹುಟ್ಟಿದ್ದು ಆಪಾಳ ತಲೆಯಲ್ಲಿ. ಆಪಾ ನಮ್ಮ ಓಣಿಯ ಮುಸಲ್ಮಾನರ ಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು; ಆಪಾ ಅಂದರೆ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಗಂಡ ನನ್ನನ್ನು ಬಿಟ್ಟುಹೋದ ವರ್ಷ ಕೈ ಹಿಡಿದು ಮಷೀನಿನ ಮುಂದೆ ಕೂಡಿಸಿದವಳು ಅವಳೇ. ಸಂಘದಲ್ಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅವಳ ಹತ್ತಿರ ಬೈಸಿಕೊಂಡೇ ಹೊಲಿಗೆ ಕಲಿತವರು.

ಎಪ್ಪತ್ತರ ದಶಕದ ಕೊನೆಗೆ ಸಂಘದ ಆಡಳಿತ ಮಂಡಳಿಯಲ್ಲಿ ನಮ್ಮೂರಿನ ಪಾಲಿನ ಒಂದು ಸ್ಥಾನ ಖಾಲಿಯಾಯಿತು. ಅದಕ್ಕೆ ಸುತ್ತಲಿನ ಊರುಗಳ ಸದಸ್ಯರೆಲ್ಲ ಓಟು ಹಾಕಬೇಕಿತ್ತು. ಬಟ್ಟೆ ಅಂಗಡಿಯವರ ಮನೆಯ ಹೆಣ್ಣುಮಗಳು ಹೆಸರು ಕೊಟ್ಟಳು. ಕೆಟ್ಟವಳಲ್ಲ, ಆದರೆ ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇರುವುದಿಲ್ಲ ಎನ್ನುವವಳು. ಟ್ರಂಕಿಗೆ ಬೀಗ ಹಾಕಿ ಸದಸ್ಯರಿಗಷ್ಟೇ ತೆರೆಯಬೇಕೆಂಬುದು ಅವಳ ವಾದ. ಅದಕ್ಕೇ ಆಪಾ ಹೆಸರು ಕೊಟ್ಟಳು. ಅವಳು ಕೊಟ್ಟದ್ದು ತಿಳಿಯದೆ ನಾನೂ ಕೊಟ್ಟಿದ್ದೆ.

"ಇಬ್ರೂ ನಿಂತ್ರ ಓಟು ಹಂಚಿ ಹೋಗ್ತಾವಲೇ ತಂಗಿ. ನಾ ಹಿಂದ ಸರೀತೀನಿ, ನೀ ನಿಲ್ಲು," ಎಂದಳು ಆಪಾ.

"ಇಲ್ರಿ ಆಪಾ, ನೀವ ನಿಲ್ರಿ."

"ನನಗ ಓದಾಕ ಬರಂಗಿಲ್ಲ. ಸಭಾದಾಗ ಕುಂತು ಏನ್ ಮಾಡ್ಲಿ? ನೀ ನಾಕ ಅಕ್ಷರ ಕಲ್ತಾಕಿ."

ಚಾ ಬಂತು, ಮಾತು ಅಲ್ಲಿಗೇ ನಿಂತಿತು. ನನಗೆ ಒಳಗೊಳಗೇ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಆ ಕುರ್ಚಿಯ ಮೇಲೆ ಕೂಡುವ ಆಸೆ ನನಗೆ ಬಹಳ ಇತ್ತು. ಮರುದಿನವೇ ಓಟು ಕೇಳಲು ಇಟ್ಟಿಗಿ ಊರಿಗೆ ಹೋದೆ. ಸದಸ್ಯೆಯೊಬ್ಬಳ ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಹಾಕುತ್ತೇವೆ ಎಂದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನ ಮಾತು ಕಿವಿಗೆ ಬಿತ್ತು.

"ಗಂಡನ್ನ ಉಳಿಸ್ಕೊಳ್ಳಾಕ ಆಗಲಾರದಾಕಿ ಸಂಘ ಉಳಸಾಕ ಹೊಂಟಾಳ."

ಆಮೇಲೆ ನಗು. ಬಸ್‌ಸ್ಟ್ಯಾಂಡಿನವರೆಗೆ ಹೇಗೆ ನಡೆದೆನೋ ತಿಳಿಯದು. ಇನ್ನೆಷ್ಟು ಮನೆಗಳಲ್ಲಿ ಹೀಗೆ ನಗುತ್ತಾರೋ ಎಂದು ಜೀವ ಹಿಡಿಯಾಯಿತು. ಮರುದಿನ ಬೆಳಗ್ಗೆಯೇ ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆಂದು ಬರೆದು, ಹರಪನಹಳ್ಳಿಯಲ್ಲಿದ್ದ ಕಾರ್ಯದರ್ಶಿಗೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿಬಿಟ್ಟೆ. ಹೆಸರು ವಾಪಸ್ ಪಡೆಯಲು ಅದೇ ಕೊನೆಯ ದಿನ. ಆಪಾಳಿಗೆ ಹೇಳಲಿಲ್ಲ. ಹೇಳಿದರೆ ಯಾಕೆಂದು ಕೇಳುತ್ತಿದ್ದಳು, ಆ ಮಾತನ್ನು ನನ್ನ ಬಾಯಿಂದ ಮತ್ತೊಮ್ಮೆ ಆಡಬೇಕಾಗುತ್ತಿತ್ತು.

ಅಂದೇ ಮಧ್ಯಾಹ್ನದ ಬಸ್ಸಿಗೆ ಆಪಾಳೂ ಒಂದು ಚೀಟಿ ಕಳಿಸಿದ್ದಳು. ಮಗನ ಕೈಯಲ್ಲಿ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿ, ತನ್ನ ಹೆಸರು ತೆಗೆಯಿರಿ ಎಂದು.

ಭಾನುವಾರದ ಸಭೆಯಲ್ಲಿ ಕಾರ್ಯದರ್ಶಿ ಎರಡೂ ಚೀಟಿ ಓದಿ, ಬಟ್ಟೆ ಅಂಗಡಿಯವಳು ಅವಿರೋಧವಾಗಿ ಆಯ್ಕೆಯಾಗಿದ್ದಾಳೆ ಎಂದರು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರೆ. ನಾವು ಜಗಳವನ್ನೇ ಆಡದೆ ಆ ಲಾಭ ಮಾಡಿಕೊಟ್ಟಿದ್ದೆವು.

ಆಪಾ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು ತುಂಬಿತ್ತು. "ನೀನೂ ತಗದ್ಯಾ? ನನ್ನ ಸಲುವಾಗಿ?"

ಎಲ್ಲರೂ ನೋಡುತ್ತಿದ್ದರು. ನಾನು ಹೌದೆಂದು ತಲೆ ಆಡಿಸಿದೆ.

ಎರಡು ತಿಂಗಳಲ್ಲಿ ಟ್ರಂಕಿಗೆ ಬೀಗ ಬಿತ್ತು. ಹಂಪಸಾಗರದಿಂದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳೊಬ್ಬಳು ಸದಸ್ಯಳಲ್ಲವೆಂದು ಬರಿಗೈಲಿ ಹಿಂತಿರುಗಿದಳು. ಆಪಾ ಅವಳನ್ನು ಮನೆಗೆ ಕರೆದೊಯ್ದು ನೆನಪಿನಿಂದಲೇ ಕುಪ್ಪಸದ ಕಟಿಂಗು ಕತ್ತರಿಸಿಕೊಟ್ಟಳು. ಹಾಗೆ ಎಷ್ಟು ಜನಕ್ಕೆ ಕೊಡಲಾದೀತು? ತಿದ್ದಿದ್ದನ್ನು ತಂದು ಹಾಕುವುದೂ ನಿಂತಿತು. ನಾಲ್ಕೈದು ವರ್ಷದಲ್ಲಿ ಒಳಗಿನ ಕಾಗದಕ್ಕೆಲ್ಲ ಗೆದ್ದಲು ಹಿಡಿಯಿತು. ಅದನ್ನು ಹೊರಗೆ ಸುರಿದ ದಿನ ಆಪಾ ಊಟ ಮಾಡಲಿಲ್ಲ.

ಎಂಬತ್ತರ ದಶಕದ ನಡುವೆ ಅವಳು ಹಾಸಿಗೆ ಹಿಡಿದಳು. ನಾನು ಹೋದಾಗಲೆಲ್ಲ ಸೊಸೆಗೆ ಅದೇ ಕತೆ. "ಇಕಿ ನೋಡವಾ, ನನ್ನ ಸಲುವಾಗಿ ಹೆಸರು ವಾಪಸ್ ತಗೊಂಡಾಕಿ. ಒಡಹುಟ್ಟಿದವ್ರೂ ಹಂಗ ಮಾಡಂಗಿಲ್ಲ."

ಒಂದು ದಿನ ಸೊಸೆ ಒಳಗೆ ಹೋದಾಗ, ಇವತ್ತು ಹೇಳಿಯೇ ಬಿಡಬೇಕೆಂದು ಶುರು ಮಾಡಿದೆ. "ಆಪಾ, ಅವತ್ತು ನಾನು..." ಅಷ್ಟರಲ್ಲೇ ಅಳು ಬಂತು.

"ಗೊತ್ತೈತಿ ಸುಮ್ನಿರ," ಎಂದು ನನ್ನ ಕೈ ಹಿಡಿದಳು. ಅವಳಿಗೆ ಗೊತ್ತಿದ್ದದ್ದು ಅವಳು ನಿಜವೆಂದು ನಂಬಿದ್ದ ನನ್ನ ಸುಳ್ಳು ಮಾತ್ರ. ನಾನು ಕಣ್ಣೊರೆಸಿಕೊಂಡು ಚಾ ಕುಡಿದು ಬಂದೆ. ಹದಿನೈದು ದಿನಕ್ಕೆ ಆಪಾ ತೀರಿಕೊಂಡಳು.

ಇಟ್ಟಿಗಿಯಿಂದ ಬಂದ ಆ ಸಂಜೆ ನೇರ ಅವಳ ಮನೆಗೆ ಹೋಗಿ, "ನನಗ ಅಂಜಿಕಿ ಬಂದೈತ್ರಿ ಆಪಾ, ನಾ ನಿಲ್ಲಂಗಿಲ್ಲ," ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಚೀಟಿ ಬರೆಸುತ್ತಿರಲಿಲ್ಲ. ನಿಲ್ಲುತ್ತಿದ್ದಳು, ಗೆಲ್ಲುತ್ತಿದ್ದಳು.